ಮೆತ್ತನೆಯ ಬಟ್ಟೆಯಿಲ್ಲದ ಮನೆ

ತೊಟ್ಟಿಲ ಕೊಂಡಿ ಕಿರುಗುಡುತ್ತಿದೆ, ಒಳಗೆ ಹೆಂಗಸರು ಹೆಸರಿಡುವ ಶಾಸ್ತ್ರಕ್ಕೆ ನನ್ನ ಮೊಮ್ಮಗನನ್ನು ತೊಟ್ಟಿಲ ಮೇಲಿಂದೊಮ್ಮೆ ಕೆಳಗಿಂದೊಮ್ಮೆ ದಾಟಿಸುತ್ತಿದ್ದಾರೆ, ಗೋವಿಂದನ್ನ ತಗೊಳ್ಳಿ, ಗೋಪಾಲನ್ನ ಕೊಡಿ, ಯಾರದೋ ಬೆನ್ನಿಗೆ ಗುದ್ದು, ನಗು — ನಾನು ಪಡಸಾಲೆಯಲ್ಲಿ ನಾಳಿನ ಪತ್ರಿಕೆಯ ಕರಡು ಹಿಡಿದು ಕೂತಿದ್ದೇನೆ, ಪುಣೆಯ ಪೇಟೆಯಲ್ಲಿ ವಿಲಾಯತಿ ಬಟ್ಟೆ ತುಂಬಿಹೋಯಿತೆಂದು ನಾನೇ ಬರೆದ ಸಾಲು, ಕಣ್ಣು ನಿಲ್ಲುತ್ತಿಲ್ಲ, ನನ್ನ ಹೆಂಡತಿ ದ್ವಾರಕಾ ಇದ್ದಿದ್ದರೆ ಈಗ ಎಲ್ಲರಿಗಿಂತ ದೊಡ್ಡ ದನಿ ಅವಳದೇ, ತೀರಿಹೋಗಿ ವರ್ಷವಾಯಿತು — ಬೆಳಿಗ್ಗೆ ನನ್ನ ಅಕ್ಕ ದ್ವಾರಕೆಯ ಪೆಟ್ಟಿಗೆ ತೆರೆದಳು, ಕೂಸನ್ನು ಅಜ್ಜಿಯ ಹಳೇ ಸೀರೆಯಲ್ಲೇ ಸುತ್ತಬೇಕು, ನಮ್ಮಲ್ಲಿ ಮೊದಲಿಂದ ಹಾಗೇ, ಉಟ್ಟು ಉಟ್ಟು ಬೆಣ್ಣೆಯಾದ ಸೀರೆ, ಒಂದೊಂದನ್ನೇ ಕೆನ್ನೆಗೆ ಒತ್ತಿ ನೋಡಿ ಕೆಳಗೆ ಹಾಕಿದಳು, ಏನೋ ತ್ರ್ಯಂಬಕಾ, ಇದೇನು ಸೀರೆಯೋ ಗೋಣಿತಾಟೋ, ಕೂಸಿನ ಚರ್ಮ ಸುಲಿದು ಬರತ್ತೆ, ಪುಣ್ಯಾತ್ಮ, ಒಂದೇ ಒಂದು ಮೆತ್ತನೆ ಬಟ್ಟೆ ಇಲ್ವಲ್ಲೋ ನಿನ್ನ ಮನೇಲಿ! — ಇಲ್ಲ, ನೂಲುವವರ ಹೊಟ್ಟೆಗಿಲ್ಲ, ನೇಕಾರ ಮಗ್ಗ ಮುರಿದು ಒಲೆಗೆ ಹಾಕಿದ್ದನ್ನು ಕಣ್ಣಾರೆ ಕಂಡು ಬರೆದೆ, ಅದರಲ್ಲಿ ಸುಳ್ಳೇನಿತ್ತು, ಕೈನೂಲಿನದಲ್ಲದ ಬಟ್ಟೆ ನನ್ನ ಹೊಸ್ತಿಲು ದಾಟುವುದಿಲ್ಲವೆಂಬ ಶಪಥವನ್ನು ಪತ್ರಿಕೆಯಲ್ಲೇ ಅಚ್ಚು ಹಾಕಿದೆ, ದ್ವಾರಕೆಯನ್ನು ಕೇಳಲಿಲ್ಲ, ಪಕ್ಕದ ಮನೆಯವರು ಓದಿ ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು, ಅವಳ ಹಳೇ ಸೀರೆಗಳೂ ಮನೆಯಿಂದ ಹೋದವು, ಅನ್ನ ಬಡಿಸುತ್ತ, ಅಲ್ಲಾ, ನಿಮ್ಮ ಪತ್ರಿಕೆಗೆ ಕಾಗದ ವಿಲಾಯತಿಯಿಂದ ಬರಬೋದು, ಅಚ್ಚಿನ ಯಂತ್ರ ಬರಬೋದು, ದೇಶ ಉದ್ಧಾರ ಆಗೋಕೆ ನನ್ನ ಮೈಯೇ ಬೇಕಿತ್ತಾ? ನಾನು ನಕ್ಕುಬಿಟ್ಟೆ, ಒಗೆದ ಹಾಗೆ ಮೆತ್ತಗಾಗತ್ತೆ ಕಣೇ ಅಂದೆ, ಒಗೆದಳು, ಬಾವಿಕಟ್ಟೆಯಲ್ಲಿ ಬಡಿದು ಬಡಿದು ಒಗೆದಳು, ಹೆಗಲ ಮೇಲೆ ಸೆರಗು ಉಜ್ಜಿದ ಕೆಂಪು ಗೆರೆ, ದಿನಾ ಅದಕ್ಕೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವಳು, ನಾನು ಕಂಡೂ ಮುಖ ತಿರುಗಿಸಿ ಲೇಖನದ ಮುಂದಿನ ವಾಕ್ಯ ಹುಡುಕುವೆ, ಸೀರೆ ಮೆತ್ತಗಾಗುವ ಮೊದಲೇ ಹೋಗಿಬಿಟ್ಟಳು. ಈಗ ಕೂಸು ಪಕ್ಕದ ವೇಣುಬಾಯಿಯ ವಿಲಾಯತಿ ಸೀರೆಯ ತುಂಡಿನಲ್ಲಿ ಮಲಗಿದೆ, ಅಜ್ಜಿಯದೆಂದು ಅದರ ಮೈಗೆ ತಾಗಲು ಒಂದೆಳೆ ನೂಲಿಲ್ಲ, ಹಾಗೆ ಮಾಡಿಟ್ಟವನು ನಾನೇ.

ಬಾಬಾ, ಬನ್ನಿ, ಹೆಸರಿಟ್ಟಾಯ್ತು, ಎತ್ಕೊಳ್ಳಿ — ಮಗಳು ಗೋದೂ ಕರೆಯುತ್ತಾಳೆ, ಹನ್ನೆರಡು ದಿನದಿಂದ ಕಾದಿದ್ದೆ ಈ ಕರೆಗೆ, ಒಳಗೆ ಹೋಗುತ್ತೇನೆ, ಅಂಗಿ ಬಿಚ್ಚಿಟ್ಟು ಎತ್ಕೊಳ್ಳಿ ಬಾಬಾ, ಆ ಒರಟು ನೂಲು ಚುಚ್ಚತ್ತೆ, ಕೈ ಎದೆಯ ಮೇಲಿನ ಅಂಗಿಯ ಗಂಟಿಗೆ ಹೋಯಿತು, ಅಷ್ಟರಲ್ಲಿ ಬೀಗಿತ್ತಿ ಸೆರಗಿನ ಮರೆಯಲ್ಲಿ, ಸಂಪಾದಕರು ಬಿಚ್ತಾರಂತೇನೇ, ನೋಡೋಣ, ಊರಿಗೆಲ್ಲ ಬುದ್ಧಿ ಹೇಳೋರು — ಕೈ ನಿಂತಿತು, ಹಾಳು ಅಭಿಮಾನ, ಒಂದು ಗಳಿಗೆಗೆ ಏನಾಗಿಬಿಡತ್ತೆ ಅಂದುಕೊಂಡು ಹಾಗೇ ಎತ್ತಿಕೊಂಡೆ, ಬಿಸಿ ಬಿಸಿ, ಹಾಲಿನ ವಾಸನೆ, ಕಿವಿ ಥೇಟ್ ದ್ವಾರಕೆಯದು, ಮೊಲೆ ಹುಡುಕುವಂತೆ ನನ್ನೆದೆಗೆ ಮುಖ, ಹೆಗಲು ಉಜ್ಜಿತು, ಉಜ್ಜಿ ಕಿಟಾರನೆ ಕಿರುಚಿತು — ಗೋದೂ ಕಿತ್ತುಕೊಂಡಳು, ನನ್ನ ಕಡೆ ನೋಡದೆ ಅಕ್ಕನ ಕಡೆ ತಿರುಗಿ, ಆತ್ಯಾ, ಸ್ವಲ್ಪ ಕೊಬ್ಬರಿ ಎಣ್ಣೆ ತಾ ಅಂದಳು, ಎಲ್ಲರೂ ಕೂಸಿನ ಸುತ್ತ, ನನ್ನ ಬೆರಳು ಈಗ ಗಂಟು ಬಿಚ್ಚುತ್ತಿದೆ, ಈಗ, ಯಾರೂ ನೋಡುತ್ತಿಲ್ಲ, ಅಂಗಿ ಕೆಳಗೆ ಬಿತ್ತು, ಬರೀ ಮೈಯಲ್ಲಿ ಕೈಚಾಚಿ ನಿಂತಿದ್ದೇನೆ, ಕೊಡೇ ಗೋದೂ, ಇನ್ನೊಮ್ಮೆ ಕೊಡೇ — ಅವಳ ಬೆರಳು ಎಣ್ಣೆ ಸವರುತ್ತಿದೆ, ಕೂಸಿನ ಕೆನ್ನೆಯ ಮೇಲೆ, ಹೆಗಲ ಮೇಲೆ, ಅದೇ ಕೆಂಪು ಗೆರೆ, ಕೆಂಪು ಗೆರೆ