ನಾರ್‌ಶೋಪಿಂಗ್‌ಗೆ ಹೋದ ರೆಫರಿ

ಗೋಥೆನ್‌ಬರ್ಗ್‌ನಲ್ಲಿ ಮಹಾಬಲೇಶ್ವರನ ಮನೆಯ ಫೋನು ಸರಿಯಾಗಿ ರಿಂಗಾಗುತ್ತಿದ್ದುದು ವಾರಕ್ಕೊಂದೇ ಸಲ, ಭಾನುವಾರ ಸಂಜೆ ಆರಕ್ಕೆ. ಮಿಕ್ಕ ದಿನ ಬಂದರೆ ಅದು ಕರೆಂಟು ಕಂಪನಿ ಬದಲಾಯಿಸಿಕೊಳ್ಳಿ ಎಂದು ಸ್ವೀಡಿಷ್‌ನಲ್ಲಿ ಗಡಿಬಿಡಿಯಾಗಿ ಹೇಳುವ ಯಾರದೋ ಆಗಿರುತ್ತಿತ್ತು. ಅವರ ಜೊತೆಗೂ ಅವನು ಬೇಕಾದ್ದಕ್ಕಿಂತ ಒಂದೆರಡು ನಿಮಿಷ ಹೆಚ್ಚೇ ಮಾತಾಡುತ್ತಿದ್ದ.

ಭಾನುವಾರದ ಫೋನು ಸ್ವೀಡನ್ನಿನ ಆಚೆ ಬದಿಯ ನಾರ್‌ಶೋಪಿಂಗ್‌ನ ಫೆಲಿಕ್ಸನದು. ನಮಸ್ಕಾರ, ಚೆನ್ನಾಗಿದ್ದೀರಾ, ಅಂಥದ್ದೇನೂ ಇರುತ್ತಿರಲಿಲ್ಲ.

"ಭಟ್ರೇ, ಆ ರೆಫರಿ ಇವತ್ತು ಕಣ್ಣು ಮನೆಯಲ್ಲಿ ಬಿಟ್ಟು ಬಂದದ್ದಾ?"

"ಅದನ್ನ ನಾನು ಕೇಳಬೇಕು ಮಾರಾಯ. ಕೊನೆಯ ಪೆನಾಲ್ಟಿ ನಿಮಗೆ ಯಾವ ಲೆಕ್ಕದಲ್ಲಿ ಕೊಟ್ಟ? ನಮ್ಮ ಹುಡುಗ ನಿಮ್ಮವನನ್ನ ಮುಟ್ಟಿಯೂ ಇರಲಿಲ್ಲ."

"ಮುಟ್ಟಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ನಿನಗೆ ಹೇಗೆ ಗೊತ್ತು ಮುಟ್ಟಿದ ಅಂತ?"

ಇಬ್ಬರಿಗೂ ಗೊತ್ತಿರಲಿಲ್ಲ. ಇಬ್ಬರೂ ಕಂಪ್ಯೂಟರಿನ ಮುಂದೆ ಕೂತು ಉತ್ತರ ಇಂಗ್ಲೆಂಡಿನ ಒಂದು ಸಣ್ಣ ರೇಡಿಯೋ ಸ್ಟೇಷನ್ನಿನ ಕಾಮೆಂಟರಿ ಕೇಳಿದವರು. ಮಧ್ಯೆ ಎರಡು ಸಲ ನೆಟ್ ಕಡಿದಿತ್ತು. ಕಣ್ಣಿಂದ ಕಾಣದ ಪೆನಾಲ್ಟಿಯ ಮೇಲೆ ಅವರು ನಲವತ್ತು ನಿಮಿಷ ಜಗಳವಾಡುತ್ತಿದ್ದರು.

ಆಟ ರಗ್ಬಿ ಲೀಗ್. ಒಂದು ಕಡೆಗೆ ಹದಿಮೂರು ಜನ, ಮೊಟ್ಟೆಯಾಕಾರದ ಚೆಂಡು, ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬೇಕು, ಮುಂದಕ್ಕೆ ಎಸೆಯುವ ಹಾಗಿಲ್ಲ, ಎದುರಿನವರ ಗೆರೆ ದಾಟಿ ಅದನ್ನು ನೆಲಕ್ಕೊತ್ತಿದರೆ ಅಂಕ. ಇಂಗ್ಲೆಂಡಿನ ಉತ್ತರದ ಹಳೆಯ ಮಿಲ್ಲುಗಳ ಊರುಗಳಲ್ಲಿ ಅದೇ ಉಸಿರು. ಮಹಾಬಲೇಶ್ವರ ಅಂಥದೊಂದು ಊರಾದ ಥಾರ್ನ್‌ಬಿಯಲ್ಲಿ ಐದು ವರ್ಷ ಕೆಲಸ ಮಾಡಿದ್ದ. ಫೆಲಿಕ್ಸ್ ಅಲ್ಲಿಂದ ಎಂಟೇ ಮೈಲಿ ದೂರದ ಮಾರ್ಸ್‌ಲೆಯಲ್ಲಿ ಎರಡು ವರ್ಷ ಇದ್ದ. ಆ ಎಂಟು ಮೈಲಿಯಲ್ಲಿ ನೂರು ವರ್ಷದ ಹಗೆತನವಿತ್ತು.

ಕುಮಟಾದ ಭಟ್ಟನೂ ಮಂಗಳೂರಿನ ಫೆಲಿಕ್ಸನೂ ಭೇಟಿಯಾದದ್ದು ಎರಡು ಸಾವಿರದ ಐದರ ಯುಗಾದಿ ಊಟದಲ್ಲಿ, ಗೋಥೆನ್‌ಬರ್ಗ್‌ನ ಒಂದು ಬಾಡಿಗೆ ಹಾಲ್‌ನಲ್ಲಿ. ಎಲ್ಲರೂ ಕ್ರಿಕೆಟ್ ಮಾತಾಡುತ್ತಿದ್ದರು. ಮೂಲೆಯಲ್ಲಿ ಒಬ್ಬ ಮಾರ್ಸ್‌ಲೆಯ ಹಸಿರು ಟೋಪಿ ಹಾಕಿಕೊಂಡು ಪಾಯಸ ಕುಡಿಯುತ್ತಿದ್ದ. ಮಹಾಬಲೇಶ್ವರ ಹತ್ತಿರ ಹೋಗಿ, "ಆ ಟೋಪಿ ತೆಗೆದರೆ ಮಾತಾಡಬಹುದು" ಎಂದ. ಫೆಲಿಕ್ಸ್ ಎರಡು ಕ್ಷಣ ಅವನ ಮುಖ ನೋಡಿ, "ಅಯ್ಯೋ ದೇವರೇ, ಥಾರ್ನ್‌ಬಿಯಾ!" ಎಂದು ಪಾಯಸದ ಲೋಟ ಪಕ್ಕಕ್ಕಿಟ್ಟ. ಊಟ ಮುಗಿದು ಕುರ್ಚಿಗಳನ್ನು ಎತ್ತಿಡುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು. ಹಾಲ್‌ನ ಹೊಣೆ ಹೊತ್ತಿದ್ದ ಸುದರ್ಶನ್ ಬಂದು, "ಏನ್ ಸಾರ್, ಫ್ಯಾಮಿಲಿ ಡಿಸ್ಪ್ಯೂಟಾ? ಲಾಕ್ ಮಾಡ್ಬೇಕು, ಹೊರಗೆ ಕಂಟಿನ್ಯೂ ಮಾಡಿ" ಎಂದು ಕಳಿಸಿದ. ಆಮೇಲೆ ಫೋನು ಶುರುವಾಯಿತು. ಬೇರೆ ಕನ್ನಡಿಗರ ನಡುವೆ ಇಬ್ಬರೂ ಬೆಂಗಳೂರಿನ ಹಾಗೆ ಮಾತಾಡುತ್ತಿದ್ದರು. ಫೋನಿನಲ್ಲಿ ಮಾತ್ರ ಕರಾವಳಿ ತಾನಾಗಿ ಇಳಿದು ಬರುತ್ತಿತ್ತು.

ಮಹಾಬಲೇಶ್ವರನಿಗೆ ಆಗ ನಲವತ್ತನಾಲ್ಕು. ಕಾರು ಕಂಪನಿಯಲ್ಲಿ ಬಾಗಿಲುಗಳ ಡಿಸೈನ್ ಮಾಡುತ್ತಿದ್ದ. ಅವನ ಹೆಂಡತಿ ಗೀತಾ ಥಾರ್ನ್‌ಬಿಯಲ್ಲೇ ಉಳಿದಿದ್ದಳು. ಜಗಳವೇನೂ ಆಗಿರಲಿಲ್ಲ. ಅವಳಿಗೆ ಅಲ್ಲೊಂದು ಕೆಲಸ, ಅಲ್ಲಿಯದೇ ಒಂದು ಬದುಕು ಸಿಕ್ಕಿತ್ತು, ಅದರಲ್ಲಿ ಇವನಿಗೆ ಜಾಗ ಕಮ್ಮಿಯಾಗುತ್ತ ಬಂದಿತ್ತು. ಸ್ವೀಡನ್ನಿನ ಕೆಲಸ ಸಿಕ್ಕಾಗ ಅವಳು ಬರುವುದಿಲ್ಲ ಎಂದಳು, ಇವನು ಯಾಕೆ ಎಂದು ಕೇಳಲಿಲ್ಲ. ಆ ಊರಿನಿಂದ ಅವನ ಜೊತೆ ಬಂದದ್ದು ಕ್ಲಬ್ಬು ಒಂದೇ. ಇದನ್ನು ಅವನು ಫೆಲಿಕ್ಸನಿಗೆ ಒಂದೇ ಸಲ, ಅರ್ಧ ವಾಕ್ಯದಲ್ಲಿ ಹೇಳಿದ್ದ. ಫೆಲಿಕ್ಸ್ ಮತ್ತೆ ಕೆದಕಿರಲಿಲ್ಲ.

ಕೆದಕಲು ಬೇರೆ ಬೇಕಾದಷ್ಟಿತ್ತು. ಮಾರ್ಸ್‌ಲೆ ಕ್ಲಬ್ಬಿನ ಹೊಸ ಮಾಲೀಕರು ಅದಕ್ಕೆ 'ಮಾರ್ಸ್‌ಲೆ ಥಂಡರ್' ಎಂದು ಹೆಸರಿಟ್ಟು, ಮಿಂಚಿನ ಚಿತ್ರ ಅಂಟಿಸಿದ್ದರು.

"ಗುಡುಗು ಅಂತ ಹೆಸರಿಟ್ಟುಕೊಂಡು ಮಿಂಚಿನ ಚಿತ್ರ ಹಾಕಿದ್ದಾರಲ್ಲೋ! ನೂರು ವರ್ಷದ ಹೆಸರು ತೆಗೆದು ಸೋಪಿನ ಪುಡಿಯ ಹೆಸರು. ಅದು ಇನ್ನೂ ನಿನ್ನ ಕ್ಲಬ್ಬು ಹೇಗಾಗ್ತದೆ?"

"ಹೆಸರು ಬದಲಾದ್ರೆ ಎಂತ ಭಟ್ರೇ? ಸ್ಟ್ಯಾಂಡಲ್ಲಿ ಕೂತವ್ರು ಅದೇ ಜನ. ನಿಮ್ಮದು ಹೆಸರು ಉಂಟು, ಟೀಮೇ ಇಲ್ಲ. ನೀವು ಹುಡುಗರನ್ನ ಹತ್ತು ವರ್ಷದ ಪ್ರಾಯದಿಂದ ಬೆಳೆಸುದು, ಹದಿನೆಂಟಾದ ಕೂಡ್ಲೇ ದೊಡ್ಡ ಕ್ಲಬ್ಬಿನವ್ರು ಎತ್ಕೊಂಡು ಹೋಗುದು."

"ಹೋಗಲಿ. ಬೆಳೆಸಿದವರು ನಾವು."

"ಬೆಳೆಸಿದವರಿಗೆ ಎಂತ ಸಿಕ್ತು?"

ಮಹಾಬಲೇಶ್ವರ ಮಾತನ್ನು ಮತ್ತೆ ರೆಫರಿಯ ಕಡೆಗೆ ತಿರುಗಿಸುತ್ತಿದ್ದ. ಫೋನಿನಾಚೆ ಫೆಲಿಕ್ಸನ ಹೆಂಡತಿ ಜೆಸಿಕಾ ಊಟಕ್ಕೆ ಕರೆಯುವುದು ಕೇಳಿಸುತ್ತಿತ್ತು, ಮಕ್ಕಳು ಸ್ವೀಡಿಷ್‌ನಲ್ಲಿ ಕಿತ್ತಾಡುವುದು ಕೇಳಿಸುತ್ತಿತ್ತು. "ಆಯ್ತು ಭಟ್ರೇ, ಬರುವ ವಾರ ನೋಡುವ" ಎಂದು ಫೆಲಿಕ್ಸ್ ಇಟ್ಟ ಮೇಲೆ ಮಹಾಬಲೇಶ್ವರ ಅನ್ನಕ್ಕಿಡುತ್ತಿದ್ದ.

ಎರಡು ಸಾವಿರದ ಏಳರ ವಸಂತದಲ್ಲಿ ಫೆಲಿಕ್ಸ್ ನಾರ್‌ಶೋಪಿಂಗ್‌ನಲ್ಲಿ ಮಕ್ಕಳ ತಂಡವೊಂದನ್ನು ಕಟ್ಟಿದ. ಕೊಮ್ಯೂನ್‌ನಿಂದ, ಅಂದರೆ ಅಲ್ಲಿಯ ನಗರಸಭೆಯಿಂದ, ಶನಿವಾರಕ್ಕೆ ಶಾಲೆಯ ಮೈದಾನ ಸಿಕ್ಕಿತ್ತು. ಅವನ ಮಗಳು ಲಿಲ್ಲಿ ಮತ್ತು ಅವಳ ತರಗತಿಯ ಹತ್ತು ಮಕ್ಕಳು. ಮಕ್ಕಳ ಆಟದಲ್ಲಿ ಯಾರನ್ನೂ ಹಿಡಿದು ಬೀಳಿಸುವುದಿಲ್ಲ, ಸೊಂಟದಲ್ಲಿ ಜೋತಾಡುವ ಪಟ್ಟಿಯನ್ನು ಕಿತ್ತರೆ ಹಿಡಿದ ಹಾಗೆ.

"ಮೇ ಹತ್ತೊಂಬತ್ತಕ್ಕೆ ಪಕ್ಕದ ಊರಿನ ಮಕ್ಕಳ ಜೊತೆ ಮ್ಯಾಚ್ ಉಂಟು. ರೆಫರಿ ಇಲ್ಲ. ನೀವು ಬನ್ನಿ."

"ನಾನಾ? ನನಗೆ ಓಡಲಿಕ್ಕೆ ಆಗ್ತದೇನೋ?"

"ಎರಡು ವರ್ಷದಿಂದ ಎಲ್ಲ ರೆಫರಿಗಳಿಗೂ ನೀವೇ ಪಾಠ ಹೇಳಿದ್ದಲ್ವಾ? ಈಗ ಬಂದು ತೋರಿಸಿ."

ಮಹಾಬಲೇಶ್ವರ ಎರಡು ವಾರ ನಿಯಮಗಳನ್ನು ಪ್ರಿಂಟ್ ಹಾಕಿಕೊಂಡು ಟ್ರಾಮಿನಲ್ಲಿ ಓದಿದ. ಕಪ್ಪು ಚಡ್ಡಿ, ವಿಸಿಲ್ ಕೊಂಡ. ಆ ಶನಿವಾರ ಬೆಳಿಗ್ಗೆ ಆರರ ರೈಲು ಹತ್ತಿ, ಕಾಟ್ರಿನೆಹೋಮ್‌ನಲ್ಲಿ ಬದಲಿಸಿ, ಹತ್ತಕ್ಕೆ ಇಳಿದಾಗ ಫೆಲಿಕ್ಸ್ ಕಾರಿನ ಪಕ್ಕ ನಿಂತು ಎರಡೂ ಕೈ ಬೀಸುತ್ತಿದ್ದ. ತನಗಾಗಿ ಒಬ್ಬರು ಸ್ಟೇಷನ್ನಿಗೆ ಬಂದು ನಿಂತು ಎಷ್ಟು ವರ್ಷವಾಯಿತು ಎಂದು ಮಹಾಬಲೇಶ್ವರ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ.

ಎದುರಿನ ತಂಡದವರು ಒಂದು ಬಸ್ಸು ತುಂಬ ಬಂದಿದ್ದರು. ಅಪ್ಪ ಅಮ್ಮಂದಿರು ಮಡಚುವ ಕುರ್ಚಿ ಹಾಕಿ, ಥರ್ಮಸ್ ತೆರೆದು ಕೂತರು. ಆ ವಯಸ್ಸಿನ ಮಕ್ಕಳ ಆಟದಲ್ಲಿ ಅಲ್ಲಿ ಯಾರೂ ಅಂಕ ಬರೆದಿಡುವುದಿಲ್ಲ. ಎಲ್ಲರೂ ಸಮವಾಗಿ ಆಡಬೇಕು, ಎಲ್ಲರಿಗೂ ಚಪ್ಪಾಳೆ. ಫೆಲಿಕ್ಸ್ ಮಾತ್ರ ಮನಸ್ಸಿನಲ್ಲೇ ಎಣಿಸುತ್ತಿದ್ದ. ಮಹಾಬಲೇಶ್ವರನೂ ಎಣಿಸುತ್ತಿದ್ದ.

ಸಮ ಸಮ. ಇನ್ನು ಒಂದು ನಿಮಿಷವೂ ಇರಲಿಲ್ಲ. ಲಿಲ್ಲಿಯ ತಂಡದ ಕೆಂಪು ಜಡೆಯ ಹುಡುಗಿಯೊಬ್ಬಳು ಓಡುತ್ತ ಚೆಂಡನ್ನು ಪಕ್ಕಕ್ಕೆ ಎಸೆದಳು. ಲಿಲ್ಲಿ ಅದನ್ನು ಎದೆಗವುಚಿಕೊಂಡು, ಮೂವರನ್ನು ತಪ್ಪಿಸಿ, ಗೆರೆ ದಾಟಿ, ಚೆಂಡನ್ನು ಹುಲ್ಲಿಗೆ ಒತ್ತಿದಳು. ಅಷ್ಟರಲ್ಲಿ ವಿಸಿಲ್ ಊದಿಯಾಗಿತ್ತು. ಚೆಂಡು ಮುಂದಕ್ಕೆ ಹೋಗಿತ್ತು, ಹೆಚ್ಚಿಲ್ಲ, ಒಂದು ಮೊಳ. ಮಹಾಬಲೇಶ್ವರ ಅದನ್ನು ಕಣ್ಣಾರೆ ಕಂಡಿದ್ದ. ಯೋಚಿಸುವ ಮೊದಲೇ ಕೈ ಮೇಲೆದ್ದಿತ್ತು.

"ಭಟ್ರೇ! ಎಂತ ಮಾರಾಯ್ರೇ ಇದು!"

ಮೈದಾನದ ಅಂಚಿನಿಂದ ಫೆಲಿಕ್ಸ್ ಕೂಗಿದ. ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಕ್ಕಳ ಆಟದಲ್ಲಿ ಕೂಗುವ ಪದ್ಧತಿ ಅಲ್ಲಿರಲಿಲ್ಲ. ಲಿಲ್ಲಿ ಭುಜ ಕುಣಿಸಿ, ಚೆಂಡು ತಂದು ಮಹಾಬಲೇಶ್ವರನ ಕೈಗೆ ಕೊಟ್ಟು, ತನ್ನ ಜಾಗಕ್ಕೆ ಓಡಿದಳು. ಮುಂದಿನ ಓಟದಲ್ಲಿ ಎದುರು ತಂಡದ ಸಣ್ಣ ಹುಡುಗನೊಬ್ಬ ಗೆರೆ ದಾಟಿಬಿಟ್ಟ. ಅಲ್ಲಿಗೆ ಆಟ ಮುಗಿಯಿತು.

ಎರಡೂ ತಂಡದ ಮಕ್ಕಳು ಒಟ್ಟಿಗೆ ಸೇರಿ ಬನ್ನು ತಿಂದು ಶರಬತ್ತು ಕುಡಿದರು. ಎದುರು ತಂಡದ ಕೋಚ್ ಬಂದು ಕೈಕುಲುಕಿ ಹೋದ. ಅಪ್ಪ ಅಮ್ಮಂದಿರು ತಂತಮ್ಮ ಮಕ್ಕಳಿಗೆ ಜಾಕೆಟ್ ತೊಡಿಸುತ್ತಿದ್ದರು. ಮಹಾಬಲೇಶ್ವರ ಮೈದಾನದ ನಡುವೆ ನಿಂತೇ ಇದ್ದ, ಯಾವ ಕಡೆಗೆ ನಡೆಯಬೇಕು ಎಂದು ತಿಳಿಯದೆ. ಫೆಲಿಕ್ಸ್ ಬೆನ್ನು ಹಾಕಿ ಗುರುತಿನ ಪ್ಲಾಸ್ಟಿಕ್ ಕೋನ್‌ಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದ.

ಮನೆಯಲ್ಲಿ ಜೆಸಿಕಾ ಎಲ್ಲರಿಗೂ ಮೀನು ಸಾರು ಮಾಡಿ, ಮಹಾಬಲೇಶ್ವರನಿಗೆಂದೇ ಬೇರೆ ಪಾತ್ರೆಯಲ್ಲಿ ಅಲಸಂದೆ ಗಸಿ ಮಾಡಿದ್ದಳು. "ಇನ್ನು ಸ್ವಲ್ಪ ಹಾಕ್ಕೊಳ್ಳಿ, ಎಂತ ನೀವು ತಿನ್ನುದೇ ಇಲ್ಲ" ಎಂದು ಅವಳೊಬ್ಬಳೇ ಮಾತಾಡಿದಳು. ಲಿಲ್ಲಿ ಅಪ್ಪನ ಮುಖ ನೋಡಿ ಸ್ವೀಡಿಷ್‌ನಲ್ಲಿ, "ರೆಫರಿ ಹೇಳಿದ್ದೇ ಸರಿ ಅಂತ ನೀನೇ ಅಲ್ವಾ ಕಲಿಸಿದ್ದು?" ಎಂದು ಕೇಳಿದಳು.

"ಊಟ ಮಾಡು" ಎಂದ ಫೆಲಿಕ್ಸ್.

ಸ್ಟೇಷನ್ನಿಗೆ ಬಿಡಲು ಬಂದಾಗ ಅವನು ಕಾರಿನ ಎಂಜಿನ್ ಆರಿಸಲಿಲ್ಲ. ಎದುರಿನ ಗಾಜು ನೋಡುತ್ತ ಹೇಳಿದ: "ನಿಮಗೆ ಯಾವ ಕಡೆಯೂ ಇಲ್ಲ ಭಟ್ರೇ. ಅದಕ್ಕೇ ನೀವು ಒಬ್ರೇ ಇರುದು."

ಮಹಾಬಲೇಶ್ವರ ಇಳಿದು ಬಾಗಿಲು ಮೆಲ್ಲಗೆ ಹಾಕಿದ. ಕಾಟ್ರಿನೆಹೋಮ್‌ನಲ್ಲಿ ಐವತ್ತು ನಿಮಿಷ ಕಾಯಬೇಕಿತ್ತು. ಸಂಜೆಯಾದರೂ ಬೆಳಕು ಇನ್ನೂ ಹಾಗೇ ಇತ್ತು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಅವನು ಆ ಪಾಸನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ನೋಡಿದ. ಪ್ರತಿ ಸಲವೂ ಚೆಂಡು ಮುಂದಕ್ಕೇ ಹೋಯಿತು.

ಮರುದಿನ ಆರು ಗಂಟೆಗೆ ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ತಾನೇ ಮಾಡಬಹುದೆಂದು ಮಹಾಬಲೇಶ್ವರ ಎರಡು ಸಲ ನಂಬರು ಒತ್ತಿ, ರಿಂಗಾಗುವ ಮೊದಲೇ ಇಟ್ಟ. ತಪ್ಪು ಮಾಡಿದ್ದರೆ ಕ್ಷಮೆ ಕೇಳುವುದು ಸುಲಭವಿತ್ತು. ಜೂನ್ ಕಳೆಯಿತು. ಜುಲೈಯಲ್ಲಿ ಆಫೀಸಿನವರೆಲ್ಲ ರಜೆಗೆ ಹೋಗಿ ಊರೇ ಖಾಲಿಯಾಯಿತು. ಥಾರ್ನ್‌ಬಿ ಒಂದರ ಹಿಂದೊಂದು ನಾಲ್ಕು ಪಂದ್ಯ ಸೋತಿತು, ಬೈಯಲು ಯಾರೂ ಇರಲಿಲ್ಲ. ಕರೆಂಟು ಕಂಪನಿಯ ಹುಡುಗಿಯನ್ನು ಒಂದು ಸಂಜೆ, "ನೀವು ಯಾವ ಊರಿನವರು?" ಎಂದು ಕೇಳಿದ. ಅವಳು ದೂರದ ಉತ್ತರದ ಉಮೆಯೊದವಳಂತೆ. ಅಲ್ಲಿ ಇನ್ನೂ ಜಾಕೆಟ್ ಬೇಕಾಗುತ್ತದೆ ಎಂದು ಹೇಳಿ, ಕರೆಂಟು ಬೇಡವೆಂದ ಕೂಡಲೇ ಇಟ್ಟಳು.

ಆಗಸ್ಟಿನಲ್ಲಿ, ಒಂದು ಬುಧವಾರ, ಫೆಲಿಕ್ಸನ ಫೋನು ಬಂತು.

"ಭಟ್ರೇ, ನಮಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಆಯ್ತು. ಮುಂದಿನ ತಿಂಗಳು ಹೊರಡುದು."

"ಓ. ಒಳ್ಳೇದಾಯ್ತಲ್ಲ. ಅಲ್ಲಿ ರಸ್ತೆ ರಸ್ತೆಯಲ್ಲೂ ರಗ್ಬಿ ಲೀಗ್ ಆಡ್ತಾರೆ ಅಂತ ಕೇಳಿದ್ದೇನೆ."

"ಹೌದು. ಲಿಲ್ಲಿಗೆ ಹುಡುಗಿಯರ ಟೀಮೇ ಉಂಟಂತೆ."

ಮಹಾಬಲೇಶ್ವರ ಟೇಬಲ್ಲಿನ ಮೇಲಿದ್ದ ಅಕ್ಕಿಯ ಕಾಳೊಂದನ್ನು ಬೆರಳಿನಿಂದ ಒತ್ತಿ ಎತ್ತಿದ.

"ಆ ಚೆಂಡು ಮುಂದಕ್ಕೇ ಹೋಗಿತ್ತು, ಫೆಲಿಕ್ಸ್."

"ಗೊತ್ತುಂಟು. ನಾನು ಗೆರೆ ಹತ್ರವೇ ಇದ್ದೆ. ನಿಮಗಿಂತ ಚಂದ ಕಂಡಿದೆ."

"ಮತ್ತೆ?"

"ಮತ್ತೆ ಎಂತ..." ಫೆಲಿಕ್ಸ್ ಉಸಿರೆಳೆದುಕೊಂಡ. "ಆವತ್ತು ಅವರದ್ದು ಬಸ್ಸು ತುಂಬ ಜನ. ನಮ್ಮದು ಅಂತ ಯಾರಿದ್ದದ್ದು? ಜೆಸಿಕಾ, ನಾನು, ನೀವು. ನೀವು ಅವರ ಕಡೆಗೆ ಕೈ ಎತ್ತಿದಾಗ ನನಗೆ ಎಂತದೋ ಆಯ್ತು. ಕಾರಲ್ಲಿ ಹಾಗೆ ಹೇಳಬಾರದಿತ್ತು. ಜೆಸಿಕಾ ಒಂದು ವಾರ ನನ್ನ ಹತ್ರ ಮಾತಾಡ್ಲಿಲ್ಲ."

ತನ್ನನ್ನು 'ನಮ್ಮವರು' ಎಂದು ಲೆಕ್ಕಕ್ಕೆ ಹಿಡಿದಿದ್ದರು ಎನ್ನುವುದು ಮಹಾಬಲೇಶ್ವರನಿಗೆ ಆಗ ತಿಳಿಯಿತು, ಅವರು ಹೊರಡುವ ಹೊತ್ತಿಗೆ. ಅದಕ್ಕೆ ಏನಾದರೂ ಹೇಳಬೇಕೆನಿಸಿತು.

"ಬ್ರಿಸ್ಬೇನ್‌ನಲ್ಲಿ ಸೆಕೆ ಜಾಸ್ತಿ ಅಂತೆ" ಎಂದ.

"ಮಂಗಳೂರಿನಷ್ಟು ಇರ್ಲಿಕ್ಕಿಲ್ಲ" ಎಂದ ಫೆಲಿಕ್ಸ್.

ಅವರು ಹೋದ ಮೇಲೆ ಭಾನುವಾರದ ಆರು ಗಂಟೆ ನಡೆಯಲಿಲ್ಲ, ಆಗ ಅಲ್ಲಿ ಬೆಳಗಿನ ಜಾವ ಎರಡು. ಶನಿವಾರ ಬೆಳಿಗ್ಗೆ ಮಾತಾಡುವುದೆಂದಾಯಿತು. ಮೊದಲ ತಿಂಗಳು ತಪ್ಪದೆ ಮಾತಾಡಿದರು. ಫೆಲಿಕ್ಸ್ ಈಗ ಅಲ್ಲಿಯ ಕ್ಲಬ್ಬಿನ ಆಟ ನೋಡುತ್ತಿದ್ದ, ಮೈದಾನಕ್ಕೇ ಹೋಗಿ. ಅವನು ಹೇಳುವ ಆಟಗಾರರ ಹೆಸರು ಇವನಿಗೆ ಗೊತ್ತಿರಲಿಲ್ಲ. ಇವನು ಹೇಳುವ ಥಾರ್ನ್‌ಬಿಯ ಹುಡುಗರು ಅವನಿಗೆ ಮರೆಯುತ್ತ ಬಂದಿದ್ದರು. ಜಗಳವಾಡಬೇಕಾದರೆ ಇಬ್ಬರೂ ಒಂದೇ ಆಟ ಕೇಳಿರಬೇಕು. ಮುಂದಿನ ವಸಂತದ ಹೊತ್ತಿಗೆ ಶನಿವಾರಗಳೂ ನಿಂತು, ಕ್ರಿಸ್‌ಮಸ್‌ಗೆ, ದೀಪಾವಳಿಗೆ ಒಂದು ಇಮೇಲ್ ಎಂದಾಯಿತು.

ಆ ವಸಂತದಲ್ಲೇ ನಾರ್‌ಶೋಪಿಂಗ್‌ನ ಆ ತಂಡದ ಮಗುವೊಂದರ ತಾಯಿ ಇವನಿಗೆ ಬರೆದಳು. ಲಿಲ್ಲಿಯ ಅಪ್ಪ ನಿಮ್ಮ ಹೆಸರು ಕೊಟ್ಟಿದ್ದಾರೆ, ಮೇ ತಿಂಗಳಲ್ಲಿ ಎರಡು ಪಂದ್ಯಕ್ಕೆ ರೆಫರಿಯಾಗಿ ಬರುತ್ತೀರಾ ಎಂದು. ಮಹಾಬಲೇಶ್ವರ ಹತ್ತು ನಿಮಿಷದೊಳಗೆ ಉತ್ತರ ಬರೆದು, ರೈಲಿನ ಸಮಯವನ್ನೂ ನೋಡಿಟ್ಟ. ಮೂರು ವಾರದ ಮೇಲೆ ಅವಳು ಮತ್ತೆ ಬರೆದಳು. ಮಕ್ಕಳಲ್ಲಿ ಹೆಚ್ಚಿನವರು ಒಳಾಂಗಣದ ಹಾಕಿಗೆ ಸೇರಿಕೊಂಡಿದ್ದಾರೆ, ತಂಡ ಕೂಡುತ್ತಿಲ್ಲ, ಕ್ಷಮಿಸಿ. ಪರವಾಗಿಲ್ಲ ಎಂದು ಅವನು ಬರೆದ.

ಥಾರ್ನ್‌ಬಿ ಮಾತ್ರ ಆಡುತ್ತಲೇ ಇತ್ತು. ಸೆಪ್ಟೆಂಬರಿನ ಒಂದು ಭಾನುವಾರ ಅದು ಮಾರ್ಸ್‌ಲೆಯನ್ನು ಮಾರ್ಸ್‌ಲೆಯಲ್ಲೇ ಸೋಲಿಸಿತು, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ. ಗೆಲುವಿನ ಅಂಕ ಹೊಡೆದವನು ಥಾರ್ನ್‌ಬಿಯ ಬೀದಿಯಲ್ಲೇ ಬೆಳೆದ ಹುಡುಗ. ಮಹಾಬಲೇಶ್ವರ ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಎರಡು ಸುತ್ತು ಬಂದ. ಆಮೇಲೆ ಏನು ಮಾಡಬೇಕೆಂದು ತೋಚದೆ ಕಸದ ಚೀಲ ಎತ್ತಿಕೊಂಡು ಹೊರಗೆ ಬಂದ.

ಮೆಟ್ಟಿಲಿನಲ್ಲಿ ಮೇಲಿನ ಮನೆಯ ಮುದುಕ ಹತ್ತಿ ಬರುತ್ತಿದ್ದ. ನಾಲ್ಕು ವರ್ಷದಿಂದ ಇಬ್ಬರೂ "ಹೇಯ್" ಬಿಟ್ಟರೆ ಬೇರೆ ಮಾತಾಡಿದವರಲ್ಲ.

"ನಾವು ಗೆದ್ದೆವು" ಎಂದ ಮಹಾಬಲೇಶ್ವರ, ಸ್ವೀಡಿಷ್‌ನಲ್ಲಿ.

ಮುದುಕ ಕಂಬಿ ಹಿಡಿದು ನಿಂತ. "ನಾವು ಅಂದರೆ ಯಾರು?" ಎಂದು ಕೇಳಿದ. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ ಹಾಗಿತ್ತು.

ಮಹಾಬಲೇಶ್ವರ ಕಸದ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ.

"ಥಾರ್ನ್‌ಬಿ" ಎಂದ.

ಮುದುಕ ಆ ಹೆಸರನ್ನು ಎಂದೂ ಕೇಳಿರಲಿಲ್ಲ. ಆದರೂ ತಲೆಯಾಡಿಸಿ, "ಅಭಿನಂದನೆ" ಎಂದು ಹೇಳಿ, ಒಂದೊಂದೇ ಮೆಟ್ಟಿಲು ಹತ್ತಿ ಹೋದ.