ನಲವತ್ತೇಳನೇ ಮನೆ

ಕಂಚಿಬೇಲೆ ಬಂದರಿನ ನೌಕಾನೆಲೆಯ ಇತಿಹಾಸವನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ನೆಲೆಯ ಅಧಿಕಾರಿ ಕೇಳಿದಾಗ ಒಪ್ಪಿಕೊಂಡದ್ದು ನನ್ನದೇ ತಪ್ಪು. ಕುಮಟೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಒದರಿ ಸಾಕಾಗಿದ್ದರೂ ನನಗೆ ಬುದ್ಧಿ ಬಂದಿರಲಿಲ್ಲ. ಆ ಬಂದರಿಗಾಗಿ ಪರಂಗಿಯವರು, ನವಾಬರು, ಇಂಗ್ಲಿಷರು ಕಚ್ಚಾಡಿದ್ದನ್ನು ಮೂರು ಅಧ್ಯಾಯ ಬರೆದೆ. ಅಲ್ಲೇ ಉಳುತ್ತಿದ್ದವರಿಗೆ ಸಿಕ್ಕಿದ್ದು ಒಂದೇ ಪುಟ, ನೆಲೆಗಾಗಿ ಒಕ್ಕಲೆಬ್ಬಿಸಿದ ಮನೆಗಳ ಪಟ್ಟಿ. ಅದರಲ್ಲಿ ನಲವತ್ತೇಳನೇ ಮನೆಯ ಮುಂದೆ ಹೆಸರೇ ಇರಲಿಲ್ಲ.

ಆ ಮನೆಯ ಲಕ್ಕಜ್ಜಿ ಈಗ ಕಾಗಾಲದಲ್ಲಿ ತರಕಾರಿ ಬೆಳೆಯುತ್ತಾಳೆ. ಹುಡುಕಿಕೊಂಡು ಹೋದೆ. ಮನೆ ಎಣಿಸುವವರು ಬಂದ ದಿನ ಅವಳ ಗಂಡ ಪೇಟೆಗೆ ಹೋಗಿದ್ದನಂತೆ. ಯಜಮಾನನ ಹೆಸರೇನು ಎಂದು ಇವಳನ್ನು ಕೇಳಿದರು. ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವಳು ಇವಳು. ಬೇರೆ ದಿನವಾಗಿದ್ದರೆ ನೆರೆಮನೆಯ ಸರೋಜಾ ಹೇಳಿಬಿಡುತ್ತಿದ್ದಳು. ಅಂದು ಅವಳು ನಾಟಿಗೆಂದು ಗದ್ದೆಗೆ ಹೋಗಿದ್ದಳು. ಇವಳು ತಲೆ ತಗ್ಗಿಸಿ ‘ಮನೆಯವ್ರು’ ಎಂದಳು. ಗುಮಾಸ್ತ ಜಾಗ ಖಾಲಿ ಬಿಟ್ಟು ಮುಂದಿನ ಮನೆಗೆ ನಡೆದ.

ಊರ ದೇವರ ಕಲ್ಲು ನೆಲೆಯ ಬೇಲಿಯೊಳಗೇ ಉಳಿಯಿತು. ಪಟ್ಟಿಯಲ್ಲಿ ಹೆಸರಿರುವ ಮನೆಯವರನ್ನು ವರ್ಷಕ್ಕೊಂದು ದಿನ ಪೂಜೆಗೆ ಒಳಗೆ ಬಿಡುತ್ತಾರೆ. ಲಕ್ಕಜ್ಜಿಯ ಗಂಡ ಅರ್ಜಿ ಬರೆಸಿ ಬರೆಸಿ ಸೋತ. ಪ್ರತಿ ವರ್ಷ ಇಬ್ಬರೂ ಗೇಟಿನ ಹೊರಗೆ ನಿಂತು, ಅಡಿಕೆ ಹೂವಿನ ಸಿಂಗಾರವನ್ನೂ ತೆಂಗಿನಕಾಯಿಯನ್ನೂ ಬೇರೆಯವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಹಾಗೆ ನಿಂತು ನಿಂತೇ ಅವನು ಆರು ವರ್ಷದ ಹಿಂದೆ ತೀರಿಕೊಂಡ.

“ಒಂದಿನಾನೂ ನಂಗೆ ಬೈಲಿಲ್ಲ ಮಾಸ್ತರೆ,” ಎಂದಳು ಲಕ್ಕಜ್ಜಿ. “ಬೈದಿದ್ರೆ ಹಗುರ ಆಗ್ತಿತ್ತು.”

ಈಗಲೂ ನೆರೆಮನೆಯಲ್ಲೇ ಇರುವ ಸರೋಜಾ ಅವನ ಹೆಸರು ಹೇಳಿದಳು. ನಾನು ಅದನ್ನು ಪಟ್ಟಿಗೆ ಸೇರಿಸಿ ಅಧಿಕಾರಿಗೆ ಕೊಟ್ಟೆ, ಅವರು ಸಹಿ ಹಾಕಿದರು. ಇತಿಹಾಸ ಬರೆದು ಒಬ್ಬರಿಗಾದರೂ ಉಪಯೋಗವಾಯಿತಲ್ಲ ಎಂದು ಬೀಗಿದೆ. ಹೆಸರಿನ ಮುಂದೆ ‘ದಿವಂಗತ’ ಎಂದು ಬರೆಯುವುದನ್ನೇ ಮರೆತಿದ್ದೆ.

ಈ ವರ್ಷದ ಪೂಜೆಗೆ ನಾನೂ ಹೋದೆ. ಗೇಟಿನಲ್ಲಿ ಪಹರೆಯವನು ಒಂದೊಂದೇ ಹೆಸರು ಕೂಗುತ್ತ ಬಂದು ‘ಬೊಮ್ಮಯ್ಯ ಗೌಡ’ ಎಂದ. ಯಾರೂ ಮುಂದೆ ಬರಲಿಲ್ಲ. ನಾನು ಓಡಿಹೋಗಿ, ಆತ ಈಗಿಲ್ಲ, ಹೆಂಡತಿ ಬಂದಿದ್ದಾಳೆ ಎಂದು ಬಿಡಿಸಿ ಹೇಳಿದೆ. ಹಾಗಿದ್ದರೆ ಗಂಡನ ಹೆಸರನ್ನು ಆಕೆ ಹೇಳಲಿ ಎಂದ. ಸರೋಜಾ ಬಾಯಿ ತೆರೆದಳು. ಹೆಂಡತಿಯೇ ಹೇಳಬೇಕು ಎಂದು ಪಹರೆಯವನು ಕೈ ಅಡ್ಡ ಹಿಡಿದ. ಈಗಷ್ಟೇ ತಾನೇ ಕೂಗಿದ ಹೆಸರು. ನನಗೆ ಮೈಯೆಲ್ಲ ಉರಿಯಿತು. ಆದರೆ ತಪ್ಪು ನನ್ನದೂ ಇತ್ತು, ಪಕ್ಕಕ್ಕೆ ಸರಿದೆ.

ಲಕ್ಕಜ್ಜಿ ಬುಟ್ಟಿ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

“ಬೊಮ್ಮಯ್ಯ,” ಎಂದಳು.

ಅವಳನ್ನು ಒಳಗೆ ಬಿಟ್ಟರು. ಮಧ್ಯಾಹ್ನ ಹೊರಗೆ ಬಂದವಳು ರಸ್ತೆ ಬದಿಯ ಮೋಟುಗೋಡೆಯ ಮೇಲೆ ನನ್ನ ಪಕ್ಕ ಕೂತಳು. ಪೂಜೆ ಆಯಿತೇ ಎಂದು ಕೇಳಿದೆ. ಆತು ಎಂದಳು. ಗೇಟಿನ ಹೊರಗೆ ಗಂಡ ನಿಲ್ಲುತ್ತಿದ್ದ ಜಾಗದ ಕಡೆ ಕೈ ತೋರಿದಳು.

“ಇಷ್ಟೇ ಆಗಿತ್ತು, ಮಾಸ್ತರೆ. ಹೇಳೂಕೆ ಒಂದು ಗಳಿಗೆನೂ ಬೇಕಾಗ್ಲಿಲ್ಲ. ಇದ್ಕಾಗಿ ಅವ್ರನ್ನ ಸಾಯೂವರೆಗೂ ಹೊರಗೇ ನಿಲ್ಸಿದೆ.”