ಗಾಲಿಯಿಲ್ಲದ ಬಸ್ಸಿನ ಮೆಟ್ಟಿಲು

ಒಂದು ಊರಿನಲ್ಲಿ ಒಂದು ಬಸ್ಸಿತ್ತು. ಅದಕ್ಕೆ ಗಾಲಿಯಿಲ್ಲ, ಗಾಜಿಲ್ಲ, ಬರೀ ಹಲಗೆಯ ಮೈ. ಏಳು ಸಮುದ್ರದಾಚೆಯಿಂದ ಬಂದ ಬಿಳಿ ಸಾಹೇಬನೊಬ್ಬ ದಿನವೂ ಅದನ್ನು ಅಳೆಯುತ್ತಿದ್ದ.

ಊರು ಕಲಬುರಗಿ. ಸೇಡಂ ರಸ್ತೆಯಲ್ಲಿ ವಿಲಾಯತಿ ಮೋಟಾರು ಕಂಪನಿಯ ನಕ್ಷೆಮನೆ. ಅಲ್ಲಿನ ರೋಜಾ ಓಣಿಯಲ್ಲಿ ಕೆಂಬಾಳೆ ಹಣ್ಣು ಮಾರುವ ಕಮಲಾಪುರದ ಬಂಡೆಮ್ಮನಿಗೆ ಆ ನಕ್ಷೆಮನೆಯಲ್ಲಿ ಸಿಕ್ಕ ಕೆಲಸವೂ ಕಥೆಯಂಥದೇ: ಬುಟ್ಟಿ ಹೊತ್ತು ಆ ಬಸ್ಸು ಹತ್ತುವುದು, ಇಳಿಯುವುದು. ಈ ಸೀಮೆಯ ಹೆಂಗಸರು ಹತ್ತುವುದನ್ನು ನೋಡಿಯೇ ಸಾಹೇಬ ನಿಜವಾದ ಬಸ್ಸಿನ ನಕ್ಷೆ ಮಾಡುವನಂತೆ.

“ನೀ ಹತ್ತೂವಂಥಾ ಬಸ್ಸು ಮಾಡಸ್ತೀನಿ ಖಾಲಾ,” ಎಂದು ಅವಳು ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಇಕ್ಬಾಲ್ ಬೇಗಂಗೆ ಮಾತು ಕೊಟ್ಟಿದ್ದಳು. ನವಾಬರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ಮುದುಕಿಯ ಮಗ ಕಾಣೆಯಾಗಿದ್ದ. ಕಲಬುರಗಿಯ ಬಂದೇನವಾಜರ ದರ್ಗಾದಲ್ಲಿ ಒಮ್ಮೆ ಸೆರಗೊಡ್ಡಿ ಅವನನ್ನು ಬೇಡಬೇಕು ಎಂಬುದೊಂದೇ ಆಕೆಯ ಆಸೆ. ಆದರೆ ಮೊಣಕಾಲು ಹಿಡಿದುಕೊಂಡಿದ್ದವು. ಬಂಡೆಮ್ಮ ಏರಿ ಬರುವ ಬಾಳೆಯ ಲಾರಿ ಆಕೆಗೆ ಆಗದ ಮಾತು.

“ನವಾಬರ ಬಸ್ಸೋ, ಹೊಸಾ ಸರ್ಕಾರದ್ದೋ?” ಎಂದು ಬೇಗಂ ಕೇಳಿದ್ದಳು.

“ಸಾಹೇಬಗೂ ಗೊತ್ತಿಲ್ಲಂತ ಖಾಲಾ. ಯಾವ ಬಣ್ಣಾ ಹಚ್ಚಬೇಕಂತ ಡಬ್ಬಿ ಮುಂದಿಟ್ಕೊಂಡು ಕುಂತಾನ.”

ಒಂದು ದಿನ ನಕ್ಷೆಮನೆಯಲ್ಲಿ ಬಂಡೆಮ್ಮ ಹಲಗೆಯ ಬಸ್ಸು ಹತ್ತಿದಳು. ಸಾಹೇಬ ಮೆಟ್ಟಿಲಿನ ಹಲಗೆ ಕೀಳಿಸಿ ಮೇಲಕ್ಕೆ ಹೊಡೆಸಿದ. ಮತ್ತೆ ಹತ್ತಿದಳು. ಹಲಗೆ ಮತ್ತೂ ಮೇಲೇರಿತು. ತಾನೇನು ತಪ್ಪು ಮಾಡಿದೆನೋ ತಿಳಿಯದೆ, ಈ ಸಲ ಬುಟ್ಟಿ ಅಲುಗದಂತೆ ಜಿಗಿದೇ ಬಿಟ್ಟಳು.

“ಶಾಭಾಸ್ ಬಾಯಿ! ಸಾಹೇಬ್ರು ಖುಷ್ ಆಗ್ಯಾರ,” ಎಂದ ನಕ್ಷೆ ಬರೆಯುವ ಮಕ್ಬೂಲ್.

“ಖುಷ್ ಆದ್ರ ಮ್ಯಾಲ್ಯಾಕ ಏರಸ್ತಾರ?”

“ನೀ ಹತ್ತತಿ ಅಂತನೇ. ಮೆಟ್ಟಿಲಾ ಕೆಳಗಿದ್ರ ರಸ್ತಾದ ಕಲ್ಲಿಗಿ ಬಡೀತದ. ಮುಗೀತು, ನಾಳಿ ನಕ್ಷಾಕ್ಕ ಶಾಯಿ. ಆಮ್ಯಾಲ ಬದಲಾಗಂಗಿಲ್ಲ.”

ಬಂಡೆಮ್ಮ ಬುಟ್ಟಿ ಕೆಳಗಿಟ್ಟು ಆ ಹಲಗೆಯನ್ನೇ ನೋಡಿದಳು. ಖಾಲಾನ ಮೆಟ್ಟಿಲನ್ನು ತನ್ನ ಕಾಲೇ ಮೇಲೆ ಮೇಲೆ ಒಯ್ದಿತ್ತಲ್ಲ!

ಮರುದಿನ ಬೆಳಿಗ್ಗೆ ಅವಳು ಕುಂಟುತ್ತ ಬಂದಳು. ಬಸ್ಸಿನ ಮುಂದೆ ನಿಂತು, ಮೊಣಕಾಲು ಹಿಡಿದು, “ಯಾ ಅಲ್ಲಾ” ಎಂದು ನರಳಿದಳು. ಹಿಡಿಯಲು ಏನಾದರೂ ಸಿಕ್ಕೀತೆಂದು ಕೈ ತಡಕಾಡಿತು. ಏನೂ ಇರಲಿಲ್ಲ. ಸಾಹೇಬ ಕಣ್ಣು ಕಣ್ಣು ಬಿಟ್ಟ.

“ನಿನ್ನಿ ಹರಣಿ ಹಾಂಗ ಜಿಗದಿ, ಇವತ್ತೇನಾಯ್ತು ಬಾಯಿ?” ಎಂದ ಮಕ್ಬೂಲ್.

“ಇವತ್ತ ನಾ ಬಂಡೆಮ್ಮ ಅಲ್ರೀ ಭಾಯಿ. ಕಮಲಾಪುರದ ಇಕ್ಬಾಲ್ ಬೇಗಂ ಇದ್ದೀನಿ. ಹಾಂಗಂತ ಹೇಳ್ರಿ ಅವರಿಗಿ.”

ಮಕ್ಬೂಲ್ ನಗಲಿಲ್ಲ. ಇಂಗ್ಲಿಷಿನಲ್ಲಿ ಬಹಳ ಹೊತ್ತು ಏನೇನೋ ಹೇಳಿದ. ಅರ್ಧ ತಿಳಿದು ಅರ್ಧ ತಿಳಿಯದೆ ನಿಂತಿದ್ದ ಸಾಹೇಬ ಕೊನೆಗೆ ಪೆನ್ಸಿಲ್ ಎತ್ತಿಕೊಂಡ. ಬಾಗಿಲಿಗೊಂದು ಹಿಡಿಕೆ ಬರೆದ. ಕೆಳಗೆ ಇನ್ನೊಂದು ಮೆಟ್ಟಿಲು. ಬಸ್ಸು ಹೊರಟಾಗ ಮಡಚಿ ಮೇಲೆತ್ತುವಂಥದು.

ಸಾಹೇಬ ಹಡಗು ಹತ್ತಿ ಹೋದ ಮೇಲೆ, ಒಂದು ಚಳಿಗಾಲದ ಮುಂಜಾನೆ, ಆ ನಕ್ಷೆಯಂತೆ ಮಾಡಿದ, ಕಲಬುರಗಿಗೆ ಹೋಗುವ ಬಸ್ಸು ಕಮಲಾಪುರಕ್ಕೆ ಬಂತು. ಬಣ್ಣ ಯಾವ ಸರ್ಕಾರದ್ದೋ ಬೇಗಂಗೆ ಅರ್ಥವಾಗಲಿಲ್ಲ. ಆಕೆ ಮೊದಲು ಬಗ್ಗಿ ಕೆಳಗೆ ನೋಡಿದಳು.

“ಇದಕ್ಕರೆ ಗಾಲಿ ಅವಾ ಇಲ್ಲೋ?”

“ಅವ ಖಾಲಾ, ಹತ್ತು.”

ಬೇಗಂ ಹಿಡಿಕೆ ಹಿಡಿದಳು. ಒಂದು ಕಾಲು. ಸ್ವಲ್ಪ ಉಸಿರು. ಇನ್ನೊಂದು ಕಾಲು. ಒಳಗೆ ಹೋಗಿ ಕಿಟಕಿಯ ಬದಿಗೆ ಕುಳಿತಳು.